ಒರೆಸಿದ ಕಾರ್ಡು

ಸ್ಟಿಕರಿನ ಅಂಟಿನ ವಾಸನೆಗೆ ಊದಿನಕಡ್ಡಿಯ ಹೊಗೆ ಕೂಡಿದರೆ ಹೇಗಿರುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತು. ಹೋದ ಮಾನೌಮಿಯ ಆಯುಧ ಪೂಜೆಗೆ ನನ್ನ ಮೊಮ್ಮಗಳು ಭಾಗ್ಯಶ್ರೀ ನನ್ನನ್ನು ಹುಮನಾಬಾದಿಗೆ ಕರೆದುಕೊಂಡು ಹೋಗಿ, ತಾನು ಹೊಸದಾಗಿ ನೌಕರಿಗೆ ಸೇರಿದ ಔಷಧಿ ಕಾರ್ಖಾನೆಯ ಬಾಗಿಲು ದಾಟಿಸಿದಾಗ ಅದೇ ವಾಸನೆ ಬಂತು. ಹನ್ನೆರಡು ವರ್ಷದ ಮೇಲೆ.

ಮೊದಲು ಸಂತೋಷದ ಮಾತು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಹೊಟ್ಟೆ ಒಡೆದುಹೋದೀತು. ನಮ್ಮದು ರಾಜೇಶ್ವರದ ಆಚೆಯ ಹಳ್ಳಿ, ಕುರಿ ಕಾಯುವ ಮನೆತನ. ನಾನು ಮೂರನೆಯ ಇಯತ್ತೆ ಮುಗಿಸಿದವಳು. ಅದೂ ಮಳೆ ಬಂದಾಗ ಸಾಲೆ, ಬಿಸಿಲು ಬಿದ್ದಾಗ ಕುರಿ. ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಕೊರಳಿಗೆ ಫೋಟೋ ಇರುವ ಪಟ್ಟಿ ಹಾಕಿಕೊಂಡು ಕೆಲಸಕ್ಕೆ ಹೋದವಳು ಇವಳೇ ಮೊದಲು. ನೌಕರಿಯ ಕಾಗದ ಬಂದ ದಿನ ನಾನು ಊರೆಲ್ಲ ತಿರುಗಿ ಸಕ್ಕರೆ ಹಂಚಿದೆ. ಹಾಲು ಒಯ್ಯುವವನಿಗೆ ಎರಡು ಸಲ ಕೊಟ್ಟೆ. ಅವನು, "ಕಾಶಮ್ಮ, ಮುಂಜಾನೇನೇ ಕೊಟ್ಟಿದ್ಯಲ್ಲ" ಅಂದ. "ತಿನ್ನೋ, ಮುಂಜಾನಿ ಬಾಯಿ ಬ್ಯಾರೆ, ಸಂಜೀ ಬಾಯಿ ಬ್ಯಾರೆ" ಅಂದೆ.

ಆಯುಧ ಪೂಜೆಯ ದಿನ ಕಾರ್ಖಾನೆಯವರು ಮನೆಮಂದಿಯನ್ನು ಒಳಗೆ ಬಿಡುತ್ತಾರೆ. ಭಾಗ್ಯ ನನ್ನನ್ನು ತನ್ನ ಮೇಜಿನ ತನಕ ಕರೆದೊಯ್ದಳು. ಡಬ್ಬಿಗಳ ಮೇಲೆ ಅಂಟಿಸುವ ಸ್ಟಿಕರಿನಲ್ಲಿ ಕರಿ ಗೆರೆಗಳ ಸಾಲು ಇರುತ್ತದಲ್ಲ, ಆ ಗೆರೆ ಸರಿಯಾಗಿ ಮುದ್ರಣವಾಗಿದೆಯೋ ಇಲ್ಲವೋ ಎಂದು ನೋಡುವ ಯಂತ್ರ ಅಲ್ಲಿತ್ತು. ಚಹಾಪುಡಿಯ ಡಬ್ಬಿಯಷ್ಟು. ಪಕ್ಕದಲ್ಲಿ ಕವರಿನೊಳಗೆ ಒಂದು ಬಿಳಿ ಕಾರ್ಡು. ಕುಂಕುಮದ ತಟ್ಟೆ ಹಿಡಿದ ಹೆಣ್ಣುಮಗಳೊಬ್ಬಳು ಯಂತ್ರಕ್ಕೆ ಹಚ್ಚಿ, ಕಾರ್ಡಿಗೂ ಬೆರಳು ಚಾಚಿದಳು. ಭಾಗ್ಯ ಕಾರ್ಡನ್ನು ಸರಕ್ಕನೆ ಎತ್ತಿಕೊಂಡುಬಿಟ್ಟಳು.

"ಅಕ್ಕಾ, ಮಷಿನ್ನಿಗಿ ಎಷ್ಟ ಬೇಕಾದ್ರೂ ಹಚ್ಚು. ಇದನ್ನ ಮುಟ್ಟಬ್ಯಾಡ."

"ಯಾಕ, ಅದೇನ್ ದೇವ್ರಿಗಿಂತ ದೊಡ್ಡದೇನು?"

"ದೊಡ್ಡದಲ್ಲ, ದೇವ್ರಿಗಿಂತ ಕಡಕ್ ಅದ."

ಎಲ್ಲರೂ ನಕ್ಕರು. ನನಗೆ ನಗಲಿಕ್ಕೆ ಆಗಲಿಲ್ಲ. ಹತ್ತಿರ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ.

"ಆಯೀ, ಚಕ್ಕರ್ ಬಂತೇನು?" ಎಂದು ಭಾಗ್ಯ ನೀರು ತಂದಳು. ನೀರು ಕುಡಿದೆ. ಚಕ್ಕರ್ ಬಂದದ್ದು ತಲೆಗೆ ಅಲ್ಲ.

ಹನ್ನೆರಡು ವರ್ಷದ ಹಿಂದೆ ಭಾಗ್ಯ ನಾಲ್ಕನೆಯ ಇಯತ್ತೆಯಲ್ಲಿದ್ದಳು. ನನ್ನ ಗಂಡನ ಮೊಣಕಾಲು ಹೋಗಿ, ಕುರಿಗಳೆಲ್ಲ ಮೈದುನನ ಹಿಂಡಿಗೆ ಸೇರಿದ್ದವು. ಹುಡುಗಿ ಜಾಣೆ, ಪೇಟೆಯ ಸಾಲೆಗೆ ಹಾಕಿರಿ ಎಂದು ಊರಿನ ಮಾಸ್ತರರು ಹೇಳಿದರು. ಹುಮನಾಬಾದಿನಲ್ಲಿ ಸಣ್ಣ ಕೋಣೆ ಹಿಡಿದು ಮೊಮ್ಮಗಳನ್ನು ಇಟ್ಟುಕೊಂಡೆ. ಊರ ಹೊರಗಿನ ಒಂದು ಸ್ಟಿಕರ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಔಷಧಿ ಡಬ್ಬಿಗೆ ಸ್ಟಿಕರ್ ಮುದ್ರಿಸಿ, ಅಂಟಿಸಿ ಕಳಿಸುವ ಕೆಲಸ. ನಾನು ನೆಲ ಗುಡಿಸುವುದು, ಯಂತ್ರ ಒರೆಸುವುದು, ಕೈ ಖಾಲಿ ಇದ್ದಾಗ ಸ್ಟಿಕರ್ ಅಂಟಿಸುವುದು. ಕೆಲಸ ಇದ್ದರೆ ಕೋಣೆ, ಕೋಣೆ ಇದ್ದರೆ ಸಾಲೆ.

ಅಲ್ಲಿ ಗೆರೆ ನೋಡುವ ಯಂತ್ರದ ಮುಂದೆ ಕೂಡುತ್ತಿದ್ದವಳು ಮಹಾನಂದಾ. ಬಸವಕಲ್ಯಾಣದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಮೂವತ್ತರ ಒಳಗಿನ ವಯಸ್ಸು. ಗಂಡ ಇರಲಿಲ್ಲ, ಅತ್ತೆಯನ್ನು ಇವಳೇ ಸಾಕುತ್ತಿದ್ದಳು. ಎಂಥ ಕಣ್ಣು ಅವಳದು! ನಾನು ಅಂಟಿಸಿದ ಸ್ಟಿಕರ್ ಕೂದಲೆಳೆ ಓರೆಯಾಗಿದ್ದರೂ ದೂರದಿಂದಲೇ, "ಕಾಶಕ್ಕ, ನಿನ್ನ ಸ್ಟಿಕರ್ ಕುಡದು ಬಂದದ ನೋಡು" ಅನ್ನುತ್ತಿದ್ದಳು. ದೀಪಾವಳಿ ಆದಮೇಲೆ ಅವಳನ್ನು ಕಾಯಂ ಮಾಡುವುದಾಗಿ ಸಾಹೇಬರು ಮಾತು ಕೊಟ್ಟಿದ್ದರು. ಕಾಯಂ ಆದ ದಿನ ಕಲ್ಯಾಣದಿಂದ ಪೇಢೆ ತರುತ್ತೇನೆಂದು ಅವಳು ಎಲ್ಲರಿಗೂ ಹೇಳಿಟ್ಟಿದ್ದಳು.

ದಿನಾ ಮುಂಜಾನೆ ಬಂದವಳೇ ಕೈ ತೊಳೆದು, ಕವರಿನಿಂದ ಆ ಬಿಳಿ ಕಾರ್ಡನ್ನು ತೆಗೆಯುತ್ತಿದ್ದಳು. ಅಂಚು ಮಾತ್ರ ಹಿಡಿಯುತ್ತಿದ್ದಳು, ಎಳೆಗೂಸಿನ ಕಿವಿ ಹಿಡಿದಂತೆ. ಕಾರ್ಡಿನ ಮೇಲೆ ಒಂದಿಷ್ಟು ಕರಿ ಗೆರೆ, ಉಳಿದದ್ದು ಸುಣ್ಣದಂಥ ಬಿಳಿ. ಯಂತ್ರಕ್ಕೆ ಅದನ್ನು ತೋರಿಸಿ, ಪುಸ್ತಕದಲ್ಲಿ ಬರೆದು, ಸಹಿ ಮಾಡಿ, ಆಮೇಲೆಯೇ ಕೆಲಸ. ಯಂತ್ರ ಪ್ರತಿ ಸ್ಟಿಕರಿಗೂ ಒಂದು ಇಂಗ್ಲಿಷ್ ಅಕ್ಷರ ತೋರಿಸುತ್ತಿತ್ತು. ಆ ಅಕ್ಷರಗಳನ್ನು ನಾನು ನನ್ನದೇ ರೀತಿಯಲ್ಲಿ ಕಲಿತೆ. ಎ ಅಂದರೆ ಗುಡಿಸಲು, ಬಿ ಎರಡು ಹೊಟ್ಟೆಯ ಗಡಿಗೆ, ಸಿ ಮುರಿದ ಬಳೆ, ಡಿ ಬಿಲ್ಲು, ಎಫ್ ಹಲ್ಲುದುರಿದ ಹಣಿಗೆ. ಬಳೆಯ ತನಕ ನಡೆಯುತ್ತದೆ; ಬಿಲ್ಲು, ಹಣಿಗೆ ಬಂದರೆ ಮಾಲು ಹೋಗುವಂತಿಲ್ಲ.

"ದಿನಾ ಯಾಕ ಇದು? ನಿನ್ನೆ ಸರಿ ಇದ್ದ ಮಷಿನ್ನು ಇವತ್ತ ಹುಚ್ಚಾಗತದೇನು?" ಎಂದು ಒಮ್ಮೆ ಕೇಳಿದೆ.

ಅವಳು ನಗಲಿಲ್ಲ. "ಕಾಶಕ್ಕ, ನಿಮ್ಮ ಊರಾಗ ಸೇರು ಬರೋಬ್ಬರಿ ಅದನೋ ಇಲ್ಲೋ ಹ್ಯಾಂಗ ನೋಡ್ತೀರಿ?"

"ಇನ್ನೊಂದು ಸೇರಿಗೆ ಸುರುವಿ ನೋಡ್ತೀವಿ."

"ಯಾಕ, ಅದೇ ಸೇರಿಗೇ ಕೇಳಬಾರದೇನು?"

"ಹುಚ್ಚಿ, ತಗ್ಗು ಬಿದ್ದ ಸೇರು ತನ್ನ ತಗ್ಗು ತಾನೇ ಹ್ಯಾಂಗ ಹೇಳೀತು?"

"ಹಾಂ! ಈ ಕಾರ್ಡ್ ನಮ್ಮ ಇನ್ನೊಂದು ಸೇರು. ಬಿಳಿ ಅಂದ್ರ ಯಾವುದು, ಕರಿ ಅಂದ್ರ ಯಾವುದು, ದಿನಾ ಮುಂಜಾನಿ ಇದು ಮಷಿನ್ನಿಗಿ ಹೇಳಿಕೊಡ್ತದ. ಇದೇ ಕೆಟ್ರ ಮಷಿನ್ನು ಸುಳ್ಳು ಹೇಳ್ತದ. ಸುಳ್ಳ ಹೇಳಾಕತ್ತೀನಿ ಅನ್ನೋದು ಅದಕ್ಕೂ ಗೊತ್ತಿರಂಗಿಲ್ಲ."

ಇಷ್ಟು ಚಂದ ತಿಳಿಸಿ ಹೇಳಿದ್ದಳು. ನನಗೆ ತಿಳಿಯಲಿಲ್ಲ ಎಂದು ಹೇಳಲಿಕ್ಕೆ ಬಾಯಿಲ್ಲ.

ಆ ವರ್ಷ ಮಳೆ ಮಾನೌಮಿ ಬಂದರೂ ಹೋಗಲೊಲ್ಲದು. ತೊಗರಿ ಹೂ ಬಿಡುವ ಹೊತ್ತಿಗೂ ಜಿಟಿಜಿಟಿ. ಕಾರ್ಖಾನೆಯ ತಗಡಿನ ಕೆಳಗೆ ಹಗಲಲ್ಲೂ ದೀಪ ಬೇಕಾಗುತ್ತಿತ್ತು. ಆಯುಧ ಪೂಜೆಯ ದಿನ ಮಹಾನಂದಾ ರಜೆ ಹಾಕಿದ್ದಳು. ಹಿಂದಿನ ದಿನ ಹೋಗುವಾಗ ಯಂತ್ರಕ್ಕೆ ಬಟ್ಟೆ ಮುಚ್ಚಿ, "ಕಾಶಕ್ಕ, ಯಾರಿಗೂ ಮುಟ್ಟಾಕ ಬಿಡಬ್ಯಾಡ. ನಿನ್ನ ಮ್ಯಾಲ ಭರೋಸಾ" ಅಂದಿದ್ದಳು.

ಯಾರಿಗೂ ಬಿಡಲಿಲ್ಲ. ನಾನೇ ಮುಟ್ಟಿದೆ.

ಪೂಜಾರಿ ದೊಡ್ಡ ಯಂತ್ರಗಳಿಗೆಲ್ಲ ಕುಂಕುಮ, ಹೂ ಏರಿಸುತ್ತ ಹೋದ. ಬಾಗಿಲಿಗೆ, ತಕ್ಕಡಿಗೆ, ನನ್ನ ಕಸಬರಿಗೆಗೂ ಸಿಕ್ಕಿತು. ಮುಚ್ಚಿದ್ದ ಆ ಸಣ್ಣ ಯಂತ್ರ ಮಾತ್ರ ಬರಿ ಹಣೆಯಲ್ಲಿ ಕೂತಿತ್ತು. ನನಗೆ ತಡೆಯಲಾಗಲಿಲ್ಲ. ನಮ್ಮ ಮನೆಯಲ್ಲಿ ಮೈಲಾರ ಮಲ್ಲಣ್ಣನ ಭಂಡಾರ ಹಚ್ಚದೆ ಯಾವುದೂ ಶುರುವಾಗುವುದಿಲ್ಲ. ಹುಟ್ಟಿದ ಮರಿಗೆ, ಉಣ್ಣೆ ಕತ್ತರಿಸುವ ಕತ್ತರಿಗೆ, ಹೊಸ ಕಂಬಳಿಯ ಅಂಚಿಗೆ, ಎಲ್ಲದಕ್ಕೂ ಆ ಅರಿಷಿಣದ ಪುಡಿ. ನನ್ನ ಎಲೆಚಂಚಿಯಲ್ಲಿ ಭಂಡಾರದ ಪೊಟ್ಟಣ ಯಾವಾಗಲೂ ಇರುತ್ತದೆ. ನೀರಲ್ಲಿ ಕಲಸಿ ಯಂತ್ರಕ್ಕೆ ಹಚ್ಚಿದೆ. ಆಮೇಲೆ ಕವರಿನಲ್ಲಿದ್ದ ಕಾರ್ಡು ನೆನಪಾಯಿತು. ಯಂತ್ರಕ್ಕೇ ಹೇಳಿಕೊಡುವಂಥದ್ದು, ಅಂದರೆ ಅದು ಗುರು. ಶಿಷ್ಯನಿಗೆ ಹಚ್ಚಿ ಗುರುವಿಗೆ ಬಿಡುವುದುಂಟೇ? ಕಾರ್ಡು ತೆಗೆದು, ಬಿಳಿಯ ನಟ್ಟನಡುವೆ ಮೂರು ಬೆರಳಿನ ಭಂಡಾರ ಎಳೆದೆ. ಮಹಾನಂದಾ ಕಾಯಂ ಆಗಲಿ ಎಂದು ಬೇಡಿಕೊಂಡೆ. ಇದು ದೇವರಾಣೆ ಖರೆ.

ಬನ್ನಿ ಹಬ್ಬ ಕಳೆದು ಕಾರ್ಖಾನೆ ತೆರೆದ ದಿನ ನಾನು ಎಲ್ಲರಿಗಿಂತ ಮೊದಲು ಹೋದೆ. ಕಾರ್ಡು ತೆಗೆದು ನೋಡಿದರೆ ಮೂರು ಹಳದಿ ಗೆರೆ ಒಣಗಿ ಕೂತಿವೆ. ಆಗ ಹೆದರಿಕೆ ಹತ್ತಿತು. ಮುಟ್ಟಬೇಡ ಅಂದದ್ದನ್ನು ಮುಟ್ಟಿದ್ದೇನೆ. ಕೈಗೆ ಸಿಕ್ಕಿದ್ದು ಮುದ್ರಣದ ಯಂತ್ರ ಒರೆಸುವ ಬಟ್ಟೆ, ಶಾಯಿ ತೆಗೆಯುವ ಎಣ್ಣೆಯಲ್ಲಿ ತೊಯ್ದದ್ದು. ಅದರಿಂದ ತಿಕ್ಕಿದೆ. ಹಳದಿ ಹೋಗುವ ತನಕ ತಿಕ್ಕಿದೆ. ಹೋಯಿತು. ಸೆರಗಿನಿಂದ ಒಣಗಿಸಿ ನೋಡಿದರೆ ಬಿಳಿ ಇತ್ತು; ಆದರೆ ಬಹಳ ಸಲ ಒಗೆದ ಧೋತರದ ಬಿಳಿ.

ಮಹಾನಂದಾ ಬಂದಳು, ಕೈ ತೊಳೆದಳು, ಕಾರ್ಡು ಹಿಡಿದಳು. ಹಿಡಿದವಳು ನಿಂತಳು.

"ಕಾಶಕ್ಕ, ಇದು ಜರಾ ಮಬ್ಬ ಆದಂಗ ಕಾಣತದಲ್ಲ?"

ನಾನು ಕಸಬರಿಗೆ ನಿಲ್ಲಿಸಲಿಲ್ಲ. "ಮೋಡ ಅದ ಬಿಡು. ಬೆಳಕೇ ಇಲ್ಲ."

ಅವಳು ತಗಡಿನ ಕಡೆ ಒಮ್ಮೆ ನೋಡಿದಳು. ಹೌದು ಅನ್ನಿಸಿರಬೇಕು. ಯಂತ್ರಕ್ಕೆ ಕಾರ್ಡು ತೋರಿಸಿ ಸಹಿ ಮಾಡಿದಳು. ಅವತ್ತಿನಿಂದ ಯಂತ್ರಕ್ಕೆ ಆ ಮಬ್ಬೇ ಬಿಳಿ. ಮಬ್ಬು ಬಿಳಿಯಾದ ಮೇಲೆ ಲೋಕದಲ್ಲಿ ಎಲ್ಲವೂ ಬೆಳ್ಳಗೆ.

ಅದರ ಬೆನ್ನಿಗೇ ಮಕ್ಕಳ ಕೆಮ್ಮಿನ ಔಷಧಿಯ ದೊಡ್ಡ ಕೆಲಸ ಬಂತು. ಮಳೆಗೆ ಕಾಗದದ ಸುರುಳಿ ತಂಪು ಹಿಡಿದಿತ್ತೋ ಏನೋ, ಬೂದಿ ಬೂದಿ ಇತ್ತು. ಗೆರೆಗಳೂ ಕಡುಕಪ್ಪಾಗಿ ಬೀಳುತ್ತಿರಲಿಲ್ಲ. ಮಹಾನಂದಾ ಒಂದು ಸ್ಟಿಕರ್ ಹಿಡಿದು ಬಾಗಿಲ ಬೆಳಕಿಗೆ ಹೋದಳು, ವಾಪಸು ಬಂದಳು.

"ನನ್ನ ಕಣ್ಣಿಗೆ ಇದು ಪಾಸ್ ಆಗೋ ಮಾಲಲ್ಲ ಕಾಶಕ್ಕ. ಆದ್ರ ಮಷಿನ್ನು ನಿನ್ನ ಎರಡ ಹೊಟ್ಟೀ ಗಡಗಿ ತೋರಸಾಕತ್ತದ."

"ಮಷಿನ್ನಿಗಿಂತ ನಿನಗ ಹೆಚ್ಚ ತಿಳೀತದೇನು?" ಅಂದೆ. ತಮಾಷೆಗೆ ಅಂದೆನೋ, ಹೆದರಿಕೆಗೆ ಅಂದೆನೋ, ಇವತ್ತಿಗೂ ನನಗೆ ಹೇಳಲಿಕ್ಕೆ ಬರುವುದಿಲ್ಲ.

"ಅದೂ ಖರೇನೇ" ಅಂದಳು. ಸಹಿ ಮಾಡಿದಳು.

ದೀಪಾವಳಿಯ ಪಣತಿ ಇನ್ನೂ ಎತ್ತಿಟ್ಟಿರಲಿಲ್ಲ, ಮಾಲು ಲಾರಿಯಲ್ಲಿ ತಿರುಗಿ ಬಂತು. ಕೊಂಡವರ ಗೋದಾಮಿನಲ್ಲಿ ಗೆರೆ ಓದುವ ಯಂತ್ರ ಒಂದು ಡಬ್ಬಿಯನ್ನು ಓದಿದರೆ ಮೂರನ್ನು ಓದಲಿಲ್ಲವಂತೆ. ಯಾವ ಔಷಧಿ, ಯಾವಾಗ ಮಾಡಿದ್ದು ಎಂದು ತಿಳಿಯದ ಡಬ್ಬಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಹೆಂಗಸರೆಲ್ಲ ನೆಲಕ್ಕೆ ಕೂತು ಉಗುರಿನಿಂದ ಸ್ಟಿಕರ್ ಕಿತ್ತೆವು. ದಿನಗಟ್ಟಲೆ ಕಿತ್ತೆವು. ಉಗುರಿನ ಸಂದಿನಲ್ಲಿ ಅಂಟು ಸೇರಿ ರೊಟ್ಟಿ ಬಡಿದರೂ ಅದೇ ವಾಸನೆ. ಊರಲ್ಲಿ ಯಾವ ಮಗುವೋ ಕೆಮ್ಮುತ್ತ ಕೂತಿದೆ, ಅದರ ಔಷಧಿ ನನ್ನ ಮಡಿಲಲ್ಲಿದೆ ಎಂದು ಅನ್ನಿಸುತ್ತಿತ್ತು.

ಸಾಹೇಬರು ಹೊರಗಿನಿಂದ ಒಬ್ಬರನ್ನು ಕರೆಸಿದರು. ಅವರು ತಮ್ಮ ಚೀಲದಿಂದ ಇನ್ನೊಂದು ಕಾರ್ಡು ತೆಗೆದು ನಮ್ಮ ಕಾರ್ಡಿನ ಪಕ್ಕಕ್ಕೆ ಇಟ್ಟರು. ಇಟ್ಟ ಕೂಡಲೇ ಕುರುಡರಿಗೂ ಕಾಣುವಂತಿತ್ತು. ಒಂದು ಹಾಲು, ಒಂದು ಮಜ್ಜಿಗೆಯ ನೀರು.

"ಈ ಕಾರ್ಡ್ ಯಾರ ತಾಬಾದಾಗ ಇತ್ತು?" ಸಾಹೇಬರು ಕೇಳಿದರು.

"ನನ್ನ ಹತ್ರಾನೇ ಇತ್ರಿ" ಅಂದಳು ಮಹಾನಂದಾ.

"ಬ್ಯಾರೆ ಯಾರರೆ ಮುಟ್ಟೀರೇನು? ಈಗೇ ಹೇಳ್ರಿ."

ನಾವು ಹದಿನೈದು ಮಂದಿ ಸಾಲಾಗಿ ನಿಂತಿದ್ದೆವು. ಕಣ್ಣ ಮುಂದೆ ಭಾಗ್ಯಳ ನೀಲಿ ಲಂಗ ಬಂತು, ಕೋಣೆಯ ಬೀಗ ಬಂತು. ಮಹಾನಂದಾ ನನ್ನ ಕಡೆ ನೋಡಿದಳು. ಸಂಶಯದಿಂದ ಅಲ್ಲ. ಕಷ್ಟದಲ್ಲಿ ತಮ್ಮವರ ಮುಖ ಹುಡುಕುತ್ತೇವಲ್ಲ, ಹಾಗೆ ನೋಡಿದಳು. ನಾನು ನೆಲ ನೋಡಿದೆ.

"ನಾಳಿಂದ ಬರಬ್ಯಾಡ ತಾಯಿ" ಅಂದರು ಸಾಹೇಬರು.

ಅವಳು ತನ್ನ ಎರಡೂ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಬುತ್ತಿ ಡಬ್ಬಿ ತೆಗೆದುಕೊಂಡು ಕಲ್ಯಾಣದ ಬಸ್ಸಿಗೆ ಹೋದಳು. ನನ್ನ ಕೆಲಸ ಉಳಿಯಿತು. ಭಾಗ್ಯಳ ಸಾಲೆ ಉಳಿಯಿತು.

ಎಳ್ಳಮಾಸಿ ಹಬ್ಬಕ್ಕೆ ಒಮ್ಮೆ ಧೈರ್ಯ ಮಾಡಿದೆ. ಹೊಲಕ್ಕೆ ಒಯ್ಯಲು ಮಾಡಿದ ಭಜ್ಜಿ, ಸಜ್ಜೆ ರೊಟ್ಟಿ, ಗಡಿಗೆಯಲ್ಲಿ ಅಂಬಲಿ ಹಿಡಿದು, ಹೊಲಕ್ಕೆ ಹೋಗದೆ ಬಸವಕಲ್ಯಾಣಕ್ಕೆ ಹೋದೆ. ಇಬ್ಬನಿ ಬಿದ್ದ ದಿನ, ರಸ್ತೆಯುದ್ದಕ್ಕೂ ಮಂದಿ ಬುಟ್ಟಿ ಹೊತ್ತು ಹೊಲದ ಕಡೆ ನಡೆದಿದ್ದರು. ಕಿಲ್ಲೆಯ ಕಡೆಯ ಗಲ್ಲಿಯಲ್ಲಿ ಅವಳ ಮನೆ. ಪಡಸಾಲೆಯಲ್ಲಿ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ನನ್ನನ್ನು ಕಂಡು ಓಡಿ ಬಂದಳು.

"ಕಾಶಕ್ಕಾ! ಯಾರೂ ಬರಲಿಲ್ಲ ನೋಡು, ನೀನರೆ ಬಂದಿ."

ಊಟಕ್ಕೆ ಕೂಡುವ ಮೊದಲು ಕೈ ತೊಳೆದಳು. ಮತ್ತೆ ತೊಳೆದಳು. ಮತ್ತೆ. ಒಳಗಿನಿಂದ ಅವಳ ಅತ್ತೆ ಚುಚ್ಚಿದಳು, "ಈಕಿ ಕೈ ತೊಳೆಯೋದ್ರಾಗೇ ಬಾವಿ ಬತ್ತತದ."

ಮಹಾನಂದಾ ನಕ್ಕು ನನ್ನ ಕಿವಿಯಲ್ಲಿ ಅಂದಳು, "ನನ್ನ ಕೈಯಾಗ ಏನೋ ಐಬ ಅದ ಕಾಶಕ್ಕ. ತಲೀಗೆ ಹಚ್ಚಿದ ಎಣ್ಣೀದೋ ಏನೋ. ಅಂಚ ಬಿಟ್ಟು ಬ್ಯಾರೆ ಎಂದೂ ಮುಟ್ಟಿಲ್ಲ ಅನಕೊಂಡಿದ್ದೆ. ಯಾವಾಗೋ ಮುಟ್ಟೀನಿ. ಇಲ್ಲಂದ್ರ ಅದು ಹ್ಯಾಂಗ ಮಬ್ಬ ಆದೀತು?"

ಆಗ ಹೇಳಬಹುದಿತ್ತು. ರೊಟ್ಟಿಯ ತುತ್ತು ಬಾಯಲ್ಲಿತ್ತು. ಹೇಳಲಿಕ್ಕೆ ಹೋದವಳು ನುಂಗಿಬಿಟ್ಟೆ. ಅಂಬಲಿ ಚಲೋ ಆಗಿದೆ ಎಂದು ಅವಳು ಎರಡು ಸಲ ಹಾಕಿಸಿಕೊಂಡಳು. ಸಂಜೆಯ ಬಸ್ಸಿಗೆ ಖಾಲಿ ಗಡಿಗೆ ಹಿಡಿದು ವಾಪಸು ಬಂದೆ. ಆಮೇಲೆ ಹೋಗಲಿಲ್ಲ. ಹನ್ನೊಂದು ಎಳ್ಳಮಾಸಿ ಹೋದವು. ಭಾಗ್ಯ ಹತ್ತನೆಯದು ಮುಗಿಸಿದಳು, ಡಿಪ್ಲೊಮಾ ಮುಗಿಸಿದಳು. ಅವಳು ಪಾಸಾದಾಗಲೆಲ್ಲ ನಾನು ಕುಣಿದಾಡಿದ್ದೇನೆ, ಕುಣಿದ ಮೇಲೆ ಒಬ್ಬಳೇ ಕೂತಿದ್ದೇನೆ.

ಈ ಸಲ ಪೂಜೆಯಿಂದ ಊರಿಗೆ ಬಂದ ಮರುದಿನ ಭಾಗ್ಯಳನ್ನು ಕೇಳಿದೆ, ಯಾರದೋ ಕಥೆಯಂತೆ. "ಹಿಂದ ಒಬ್ಬಾಕಿ ನಿನ್ನಂಥಾ ಕಾರ್ಡಿಗೆ ಭಂಡಾರ ಹಚ್ಚಿದ್ಲಂತ. ಆಮ್ಯಾಲ ಮಷಿನ್ನು ಸುಳ್ಳ ಹೇಳಿತಂತ."

"ಭಂಡಾರಕ್ಕ ಸುಳ್ಳ ಹೇಳಂಗಿಲ್ಲ ಆಯಿ. ತಡಿ, ತೋರಸ್ತೀನಿ." ಬಾಗಿಲು, ಕಿಟಕಿ ಮುಚ್ಚಿದಳು. ಬಿಳಿ ಕಾಗದದ ಮೇಲೆ ನನ್ನ ಭಂಡಾರದಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಒಲೆಯ ಮಸಿಯಿಂದ ತೆಳ್ಳಗೆ ಒರೆಸಿದಳು. ಫೋನಿನ ಗಾಜನ್ನು ಕೆಂಪು ಮಾಡಿ ಅದರ ಬೆಳಕು ಹಿಡಿದಳು. "ನಮ್ಮ ಮಷಿನ್ನಿನ ದೀಪ ಕೆಂಪು. ಈಗ ನೋಡು."

ಹಳದಿ ಗೆರೆ ಮಾಯವಾಗಿತ್ತು. ಮಸಿ ಉಳಿದಿತ್ತು.

"ಆಕಿ ಮತ್ತೇನರೆ ಮಾಡಿರಬೇಕು. ಒರಸಿದ್ಲೇನು, ಹೊಲಸ ಅರಬಿಲೆ?"

ಕೆಂಪು ಬೆಳಕಿನಲ್ಲಿ ಹುಡುಗಿ ನನ್ನ ಮುಖ ನೋಡುತ್ತಿದ್ದಳು. ಇಷ್ಟು ವರ್ಷ ಒಳಗೊಳಗೇ ಮಲ್ಲಣ್ಣನಿಗೂ ಅರ್ಧ ತಪ್ಪು ಹಂಚಿಟ್ಟಿದ್ದೆ, ಭಕ್ತಿಯಿಂದ ಮಾಡಿದ್ದಲ್ಲವೇ ಎಂದು. ಅವನ ಪಾಲು ಅವತ್ತು ಪೂರಾ ನನಗೆ ವಾಪಸು ಬಂತು. ಹಚ್ಚಿದ್ದು ಏನೂ ಕೆಡಿಸಿರಲಿಲ್ಲ. ಮುಚ್ಚಿಡಲಿಕ್ಕೆ ತಿಕ್ಕಿದ್ದು ಕೆಡಿಸಿತು.

"ಮಹಾನಂದಾ ಅತ್ತೀ ಅಂತ ಹೇಳ್ತಿದ್ದಿ. ಕಾರ್ಡ್ ಆಕೀದೇನು, ಒರಸಿದಾಕಿ ನೀನೇನು?" ಭಾಗ್ಯ ಮೆಲ್ಲಗೆ ಕೇಳಿದಳು. ನಾನು ಹೌದೆಂದು ತಲೆ ಅಲ್ಲಾಡಿಸಿದೆ.

ಮುಂದಿನ ಆದಿತವಾರ ಇಬ್ಬರೂ ಬಸವಕಲ್ಯಾಣಕ್ಕೆ ಹೋದೆವು. ಭಾಗ್ಯಳ ನೌಕರಿಯ ಖುಷಿಗೆ ಹೊಲಿಸಲೆಂದು ನಾನು ಕೊಂಡಿಟ್ಟ ಹಸಿರು ಬಟ್ಟೆ ಚೀಲದಿಂದ ಇಣುಕುತ್ತಿತ್ತು. ಅದೇ ಪಡಸಾಲೆ, ಅದೇ ಹೊಲಿಗೆ ಯಂತ್ರ. ಅವಳ ಕೂದಲು ಮಾತ್ರ ನೆರೆತಿತ್ತು. ಮಹಾನಂದಾ ಭಾಗ್ಯಳ ಗಲ್ಲ ಹಿಡಿದು, "ಇಕಿ ಆ ನೀಲಿ ಲಂಗದ ಹುಡುಗೀನಾ!" ಎಂದಳು. ಮೊಮ್ಮಗಳು ಏನು ಕೆಲಸ ಮಾಡುತ್ತಾಳೆಂದು ಕೇಳಿ ಅವಳ ಕಣ್ಣು ಅರಳಿದವು. "ಅಂಚ ಹಿಡೀತಿ ಅಲ್ಲ, ಅಂಚ?"

"ಹೌದ್ರಿ ಅತ್ತಿ. ಅಂಚೇ ಹಿಡಿತೀನಿ."

ಆಗ ಹೇಳಿದೆ. ಭಂಡಾರ, ಬಟ್ಟೆ, ತಿಕ್ಕಿದ್ದು, ಸಾಲಿನಲ್ಲಿ ನಿಂತದ್ದು, ಎಲ್ಲ. ಮಹಾನಂದಾ ಕೊರಳಿನ ಟೇಪನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅದನ್ನು ಸುತ್ತುತ್ತ ಅಂದಳು:

"ಮೋಡ ಅದ ಬಿಡು ಅಂದಿದ್ದಿ."

"ಹೌದವ್ವಾ."

"ಮೋಡ ಇತ್ತೂ ಖರೆ. ಅವತ್ತೇ ಹೇಳಿದ್ರ ಏನ್ ಆಗ್ತಿತ್ತು ಗೊತ್ತದೇನು ಕಾಶಕ್ಕ? ಹೊಸಾ ಕಾರ್ಡ್ ತರಸ್ತಿದ್ದೆ. ನಾಕ ದಿನ ನಿನ್ನ ಜೋಡಿ ಮಾತ ಬಿಡ್ತಿದ್ದೆ. ಅಷ್ಟೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟೇ ಎಂಬ ಮಾತನ್ನು ತಡೆದುಕೊಳ್ಳಲಿಕ್ಕೆ ಇನ್ನೂ ಆಗಿಲ್ಲ.

"ಕೊಡು ಅರಬಿ" ಎಂದು ಅವಳು ಎದ್ದಳು. ಭಾಗ್ಯಳ ಅಳತೆ ತೆಗೆದುಕೊಂಡಳು. ಹಿತ್ತಲಿಗೆ ಹೋದಳು. ನೀರಿನ ಸಪ್ಪಳ ಮೂರು ಸಲ ಕೇಳಿತು. ಬಂದು ಹಸಿರು ಬಟ್ಟೆ ಹಾಸಿ, ಟೇಪು ಹಿಡಿದು ಗುರುತು ಹಾಕಿ, ಕತ್ತರಿ ಎತ್ತಿದಳು. ಈಗ ಗೊತ್ತಾಯಿತಲ್ಲ, ತನ್ನ ಕೈಯಲ್ಲಿ ಐಬ ಇರಲಿಲ್ಲವೆಂದು. ಒಂದೇ ಸಲ ಅಳೆದು ಕತ್ತರಿಸಿಬಿಡಲಿ ದೇವರೇ ಎಂದುಕೊಂಡೆ.

ಕತ್ತರಿ ಬಟ್ಟೆಯ ತನಕ ಹೋಗಿ ನಿಂತಿತು. ಮಹಾನಂದಾ ಅದನ್ನು ಕೆಳಗಿಟ್ಟು, ಮತ್ತೆ ಟೇಪು ಎಳೆದಳು. ಸರಿಯಾಗಿಯೇ ಇತ್ತು. ಮತ್ತೊಮ್ಮೆ ಎಳೆದಳು.